ಕಿಟಕಿಯೆದುರಿನ ಕೊಕ್ಕರೆ

ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮುಂಚೆ ಅಡುಗೆಮನೆಯ ಕಿಟಕಿಯ ಮುಂದೆ ನಿಂತು ನಾನು ಪ್ರಾರ್ಥನೆ ಮಾಡುತ್ತೇನೆ. ಮೈಯಲ್ಲಿ ಜ್ವರವಿರಲಿ, ಮನೆಯಲ್ಲಿ ನೆಂಟರಿರಲಿ, ಹೊರಗೆ ಹಿಮ ಬಾಗಿಲೆತ್ತರ ಬಿದ್ದಿರಲಿ, ಇದನ್ನು ಮಾತ್ರ ತಪ್ಪಿಸಿದವಳಲ್ಲ. ದೊಡ್ಡ ಪ್ರಾರ್ಥನೆಯೇನೂ ಅಲ್ಲ. ನನ್ನವರ ಹೆಸರುಗಳನ್ನು ಒಂದೊಂದಾಗಿ ಹೇಳಿ, ಅವರವರಿಗೆ ಬೇಕಾದ್ದನ್ನು (ಅಂದರೆ ಅವರಿಗೆ ಬೇಕೆಂದು ನನಗೆ ತೋರಿದ್ದನ್ನು) ಕೇಳಿಕೊಂಡು, ಆಮೆನ್ ಎಂದು ಕಾಫಿಗೆ ನೀರಿಡುವುದು. ಕಿಟಕಿಯಾಚೆ ನಮ್ಮ ಅಂಗಳ, ಅಂಗಳದಾಚೆ ಗೋಧಿಯ ಬಯಲು, ಬಯಲಿನಾಚೆ ಬರೀ ಆಕಾಶ. ದೇವರ ಕಡೆಗೆ ಇಷ್ಟು ನೇರವಾದ ದಾರಿ ಎಷ್ಟು ಮನೆಗಳಿಗಿರುತ್ತದೆ?

ಹೋದ ವರ್ಷದ ನವೆಂಬರಿನಿಂದ ಆ ದಾರಿಗೆ ಅಡ್ಡವಾಗಿ ಒಂದು ಕೊಕ್ಕರೆ ನಿಂತಿದೆ.

ಸಿಮೆಂಟಿನ ಕೊಕ್ಕರೆ. ನನ್ನ ಎದೆಯೆತ್ತರವಿದೆ. ಮೈಗೆಲ್ಲ ಗಾಢ ನೀಲಿ ಬಣ್ಣ. ಒಂದು ಕಾಲನ್ನು ಮಡಿಚಿಕೊಂಡಿದೆ. ಕಣ್ಣು ಬರೆದ ಪುಣ್ಯಾತ್ಮ ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಬರೆದಿದ್ದಾನೆ. ಹಾಗಾಗಿ ಅದು ನಮ್ಮ ಅಡುಗೆಯ ಮೇಲೆ ಸದಾ ಏನೋ ಅನುಮಾನ ಇಟ್ಟುಕೊಂಡಂತೆ ಕಾಣುತ್ತದೆ. ತಂದೆಯೇ ಎಂದು ನಾನು ಕಣ್ಣೆತ್ತಿದರೆ, ಏನಮ್ಮಾ ಎಂದು ಅದು ಕೊಕ್ಕೆತ್ತಿರುತ್ತದೆ. ಇಂಥ ಪ್ರಾಣಿಯನ್ನು ದಾಟಿಕೊಂಡು ನನ್ನ ಪ್ರಾರ್ಥನೆ ಎಷ್ಟು ದೂರ ಹೋಗುತ್ತಿದೆಯೋ ನನಗೆ ತಿಳಿಯದು.

ಕೊಕ್ಕರೆ ಬಂದ ಕತೆ ಹೇಳಬೇಕಾದರೆ ನನ್ನ ಮದುವೆಯಿಂದಲೇ ಶುರು ಮಾಡಬೇಕು. ನನ್ನ ತವರು ಮಾರ್ಲೋ. ಸೇರಿದ ಊರು ಡೆಲ್ವಿನ್. ಎರಡರ ನಡುವೆ ಒಂದೂವರೆ ಗಂಟೆಯ ಗೋಧಿ ಹೊಲ ಮತ್ತು ಆ ಹೊಲಗಳಿಗಿಂತ ಹಳೆಯದಾದ ಒಂದು ದ್ವೇಷ. ಎರಡೂ ಊರಿನಲ್ಲಿ ಕಾಲೇಜುಗಳಿವೆ, ಎರಡೂ ಕಾಲೇಜಿಗೆ ಫುಟ್‌ಬಾಲ್ ತಂಡಗಳಿವೆ. ಕೈಯಲ್ಲಿ ಹಿಡಿದು ಓಡುವ, ಮೊಟ್ಟೆಯಾಕಾರದ ಚೆಂಡಿನ ನಮ್ಮ ಫುಟ್‌ಬಾಲ್. ಮಾರ್ಲೋದವರ ಲಾಂಛನ ಕೊಕ್ಕರೆ, ಬಣ್ಣ ನೀಲಿ. ಡೆಲ್ವಿನ್ನಿನವರದು ಹೇಸರಗತ್ತೆ, ಬಣ್ಣ ಕಿತ್ತಳೆ. ವರ್ಷವರ್ಷವೂ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಕೊಕ್ಕರೆಗೂ ಕತ್ತೆಗೂ ಕಾಳಗ. ಎಲ್ಡನ್ ಎಂಬುವರನ್ನು ಮದುವೆಯಾಗುತ್ತೇನೆ ಎಂದು ನಾನು ಹೇಳಿದಾಗ ನಮ್ಮಪ್ಪ ಹುಡುಗನ ಕೆಲಸ ಕೇಳಲಿಲ್ಲ, ಯಾವ ಚರ್ಚು ಎಂದೂ ಕೇಳಲಿಲ್ಲ. "ಕತ್ತೆ ಕಡೆಯವನಾ?" ಎಂದರು. ಹೌದೆಂದೆ. ಅಪ್ಪ ಎದ್ದು ಹೋಗಿ ಬಹಳ ಹೊತ್ತು ದನದ ಕೊಟ್ಟಿಗೆಯಲ್ಲಿ ಕೂತಿದ್ದರು.

ಮದುವೆಯ ದಿನ ನನ್ನ ತಮ್ಮ ವೆಂಡೆಲ್, ಚರ್ಚಿನ ಹಾಲಿನಲ್ಲಿ ಎಲ್ಲರೂ ನೋಡುತ್ತಿರುವಂತೆ, ಇಬ್ಬರು ಗೆಳೆಯರ ಕೈಲಿ ಹೊರಿಸಿಕೊಂಡು ಈ ಕೊಕ್ಕರೆಯನ್ನು ಉಡುಗೊರೆ ತಂದ. "ಭಾವ, ನಮ್ಮಕ್ಕ ಒಬ್ಬಳೇ ಆಗ್ಬಾರ್ದಲ್ಲ ನಿಮ್ಮೂರಲ್ಲಿ," ಎಂದ. ನಮ್ಮವರು ನಗಲೂ ಇಲ್ಲ, ಮುನಿಯಲೂ ಇಲ್ಲ. ನವೆಂಬರ್ ಬರುವವರೆಗೆ ಕಾದರು. ಆ ವರ್ಷ ಕತ್ತೆ ಗೆದ್ದಿತು. ಮಾರನೆಯ ಬೆಳಿಗ್ಗೆ ಕೊಕ್ಕರೆಯ ಕತ್ತಿಗೆ ಕಿತ್ತಳೆ ರಿಬ್ಬನ್ನು ಕಟ್ಟಿ, ಟ್ರಕ್ಕಿನಲ್ಲಿ ಹೇರಿಕೊಂಡು ಹೋಗಿ, ವೆಂಡೆಲನ ಮನೆಯ ಮುಂದೆ ಇಳಿಸಿ ಬಂದರು. ಅಂದಿನಿಂದ ಅದೇ ಕಟ್ಟಳೆ. ಮಾರ್ಲೋ ಗೆದ್ದರೆ ಕೊಕ್ಕರೆ ನಮ್ಮಂಗಳಕ್ಕೆ. ಡೆಲ್ವಿನ್ ಗೆದ್ದರೆ ರಿಬ್ಬನ್ನು ಕಟ್ಟಿಸಿಕೊಂಡು ಅವನಂಗಳಕ್ಕೆ. ಮುಂದಿನ ಆಟದವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ.

ನಮ್ಮವರ ಬಗ್ಗೆಯೂ ಒಂದು ಮಾತು ಹೇಳಬೇಕು. ಒಂದೇ ಮಾತು ಸಾಕು, ಅವರು ಆಡುವುದೂ ಹೆಚ್ಚುಕಡಿಮೆ ಅಷ್ಟೇ. ಗೋಧಿಯ ಉಗ್ರಾಣದಲ್ಲಿ ಕೆಲಸ. ಹಗಲೆಲ್ಲ ಯಂತ್ರದ ಸದ್ದಿನಲ್ಲಿ ನಿಂತು ನಿಂತು, ಮಾತು ಎನ್ನುವುದು ಕೂಗಿ ವ್ಯರ್ಥ ಮಾಡುವ ವಸ್ತು ಎಂದು ತೀರ್ಮಾನಿಸಿದವರು. ಮನೆಗೆ ಬಂದರೆ 'ಹೂಂ', 'ಊಹೂಂ', 'ಉಪ್ಪು'. ಆದರೆ ಆಟದ ವಾರ ಬಂತೆಂದರೆ, ಅಬ್ಬಾ, ಅದು ಬೇರೆಯೇ ಮನುಷ್ಯ. ವೆಂಡೆಲ್ ಫೋನು ಮಾಡುವನು. ಇವರು ಗೋಡೆಗೊರಗಿ ನಿಂತು ಗಂಟೆಗಟ್ಟಲೆ ವಾಗ್ಯುದ್ಧ ನಡೆಸುವರು. ಶನಿವಾರ ಕ್ರೀಡಾಂಗಣದ ಹೊರಗೆ ಗಾಡಿ ನಿಲ್ಲಿಸುವ ಬಯಲಿನಲ್ಲಿ ಟ್ರಕ್ಕಿನ ಹಿಂಬಾಗಿಲು ಇಳಿಸಿ, ಅದನ್ನೇ ಮೇಜು ಮಾಡಿಕೊಂಡು, ನಾನೂ ವೆಂಡೆಲನ ಹೆಂಡತಿ ಲೋನಾಳೂ ಬಡಿಸುತ್ತಿದ್ದರೆ ಇವರಿಬ್ಬರೂ ಒಬ್ಬರ ಮೇಲೊಬ್ಬರು ಬ್ರೆಡ್ಡಿನ ಚೂರು ಎಸೆದುಕೊಂಡು ಬೈದಾಡುವರು. ಆ ಬಿಸಿ ಇಳಿಯಲು ಹಬ್ಬ ಕಳೆದು ಕ್ರಿಸ್‌ಮಸ್ ಬರಬೇಕು. ಅಷ್ಟು ದಿನ ನನ್ನ ಜೊತೆಯೂ ಮಾತು. "ಮಾರ್ವಾ, ಈ ಬಣ್ಣದ ಸ್ವೆಟರ್ ನಿನಗೊಪ್ಪುತ್ತೆ ಕಣೇ," ಎಂದು ಒಮ್ಮೆ ಅಂದದ್ದೂ ಉಂಟು. (ಸ್ವೆಟರ್ ಕಿತ್ತಳೆ ಬಣ್ಣದ್ದು ಎನ್ನುವುದು ಬೇರೆ ವಿಷಯ.)

ಹೋದ ವರ್ಷ ಕೊನೆಯ ಗಳಿಗೆಯಲ್ಲಿ ಒಂದು ಒದೆತದಿಂದ ಮಾರ್ಲೋ ಗೆದ್ದಿತು. ಕೊಕ್ಕರೆ ಬಂತು. ಅದು ಕೊನೆಯ ಆಟ ಎಂದು ಆಗ ಯಾರಿಗೂ ತಿಳಿದಿರಲಿಲ್ಲ.

ಬೇಸಿಗೆಯಲ್ಲಿ ಸುದ್ದಿ ಹೊರಬಿತ್ತು. ನಮ್ಮ ಕಡೆಯ ಕಾಲೇಜುಗಳದ್ದೆಲ್ಲ ಸೇರಿ ಒಂದು ಒಕ್ಕೂಟವಿತ್ತು. ಒಕ್ಕೂಟದೊಳಗಿನವರು ವರ್ಷ ವರ್ಷ ತಮ್ಮತಮ್ಮೊಳಗೆ ಆಡಬೇಕು. ಚರ್ಚಿನ ಸಹಪಂಕ್ತಿ ಊಟವಿದ್ದಂತೆ, ಒಬ್ಬೊಬ್ಬರು ಮನೆಯಿಂದ ತಂದದ್ದು ಒಂದೊಂದು ಪಾತ್ರೆ. ಆದರೆ ಟೀವಿಯವರು ಬಂದು, ನಿಮ್ಮ ಪಾತ್ರೆ ಚೆನ್ನಾಗಿದೆ, ದೇಶದ ಆ ತುದಿಯಲ್ಲಿ ಶ್ರೀಮಂತರ ಮೇಜಿಗೆ ಬನ್ನಿ ಎಂದು ಮಾರ್ಲೋದವರ ಕಿವಿಯಲ್ಲಿ ಊದಿದರು. ಮಾರ್ಲೋ ಪಕ್ಷಾಂತರ ಮಾಡಿತು. ಸೇರಿದ್ದು ಮಹಾಸರೋವರಗಳ ಹೆಸರು ಹೊತ್ತ ಒಕ್ಕೂಟವನ್ನು. ಮಾರ್ಲೋದ ಆಸುಪಾಸಿನಲ್ಲಿ ನಾನು ಕಂಡ ಸರೋವರವೆಂದರೆ ನಮ್ಮಪ್ಪನ ದನಗಳು ನೀರು ಕುಡಿಯುತ್ತಿದ್ದ ಹೊಂಡ ಒಂದೇ. ಅವರ ಹಿಂದೆ ಇನ್ನೂ ನಾಲ್ಕಾರು ಕಾಲೇಜುಗಳು ಪಾತ್ರೆ ಎತ್ತಿಕೊಂಡು ಹೊರಟವು. ನಮ್ಮ ಡೆಲ್ವಿನ್ನು, ಯಾರಿಗೂ ಬೇಡವಾಗಿ ಉಳಿದ ಕೆಲವು ತಂಡಗಳ ಜೊತೆ, ಮರುಭೂಮಿಯವರನ್ನೂ ದ್ವೀಪದವರನ್ನೂ ಸೇರಿಸಿಕೊಂಡು ಹೇಗೋ ಒಂದು ಮೇಜು ಹೂಡಿತು. ಶನಿವಾರದ ಆಟಕ್ಕೆ ನಮ್ಮ ಹುಡುಗರು ಗುರುವಾರವೇ ವಿಮಾನ ಹತ್ತುತ್ತಾರಂತೆ. ಆ ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಆಸ್ಪತ್ರೆಯಲ್ಲಿರುವವರ ಹೆಸರುಗಳನ್ನು ಓದಿ, ಸ್ವಲ್ಪ ತಡೆದು, "ಮತ್ತೆ... ನಮ್ಮ ತಂಡ," ಎಂದರು. ಎಲ್ಲರೂ ತಲೆ ಬಗ್ಗಿಸಿದೆವು.

ನಾನು ಮಾತ್ರ ಒಳಗೊಳಗೇ, ಆಟ ನಿಂತ ಮೇಲೆ ಕೊಕ್ಕರೆಗೇನು ಕೆಲಸ ಎಂದುಕೊಂಡೆ.

"ರೀ, ಇನ್ನು ಆಟವೇ ಇಲ್ವಲ್ಲ. ಆ ಹಕ್ಕೀನ ಗ್ಯಾರೇಜಿಗಾದ್ರೂ ಹಾಕಿ."

"ಊಹೂಂ."

"ಯಾಕೆ?"

"ಸೋತಿದೀವಿ."

"ಅದು ಹೋದ ವರ್ಷ."

"ಗೆದ್ದು ಕಳಿಸ್ಬೇಕು."

"ಆಟ ಇಲ್ದೆ ಗೆಲ್ಲೋದು ಹೇಗ್ರೀ?"

ಇವರು ತಟ್ಟೆಯ ಆಲೂಗಡ್ಡೆಯನ್ನು ಚಮಚದಿಂದ ಒತ್ತಿ ಎರಡು ಮಾಡಿದರು. "ಅದೇ ನೋಡು," ಎಂದರು. ಆ ತಿಂಗಳು ಅವರು ಆಡಿದ ಅತಿ ದೀರ್ಘ ಸಂಭಾಷಣೆ ಅದು.

ಕೊಕ್ಕರೆಯ ಚಿಂತೆ ನನಗೆ ಮರೆತದ್ದು ಆಮೇಲೆ. ಭಾನುವಾರ ಚರ್ಚಿನಿಂದ ಬಂದ ಹೊತ್ತಿಗೆ ವೆಂಡೆಲನ ಫೋನು ಬರುವುದು ವಾಡಿಕೆ. ಮೊದಲೆಲ್ಲ ನನ್ನ ದನಿ ಕೇಳುತ್ತಲೇ "ಎಲ್ಲಕ್ಕ ಆ ಕತ್ತೆ, ಕೊಡು ಫೋನು," ಎನ್ನುತ್ತಿದ್ದವನು ಈಗ ನನ್ನನ್ನೇ ಹವಾಮಾನ ಕೇಳತೊಡಗಿದ.

"ಮಳೆ ಬಂತಾ ಅಕ್ಕ?"

"ಬಂತು. ನಿಮ್ಮಲ್ಲಿ?"

"ಬಂತು. ಭಾವ ಚೆನ್ನಾಗಿದಾರಾ?"

"ಇಲ್ಲೇ ಇದಾರೆ, ಕೊಡ್ತೀನಿ ಇರು."

"ಬೇಡ ಬೇಡ. ಏನೋ ಕೆಲಸದಲ್ಲಿರ್ತಾರೆ."

ಕೆಲಸವೇನೂ ಇರಲಿಲ್ಲ. ಇವರು ಪಕ್ಕದ ಕುರ್ಚಿಯಲ್ಲೇ ಕೂತು ಗಡಿಯಾರ ನೋಡುತ್ತಿದ್ದರು. ಫೋನಿಟ್ಟ ಮೇಲೆ "ದೊಡ್ಡ ಜನ ಆದ್ರು," ಎಂದರು, ಅಷ್ಟೇ. ಬಿಟ್ಟು ಹೋದವನಿಗೆ ನಾಚಿಕೆ, ಉಳಿದವರಿಗೆ ಬಿಗುಮಾನ. ಅವನಾದರೂ ಎಲ್ಲಿಗೆ ಹೋಗಿದ್ದ ಪಾಪ, ಅದೇ ಮನೆಯಲ್ಲಿ ಅದೇ ಕುರ್ಚಿಯಲ್ಲಿ ಕೂತಿದ್ದ. ಹೋದದ್ದು ಕಾಲೇಜು. ನವೆಂಬರ್ ಹತ್ತಿರ ಬಂದರೂ ಮನೆಯಲ್ಲಿ ಹೂಂ, ಊಹೂಂ, ಉಪ್ಪು. ಈ ಗಂಡಸರಿಬ್ಬರಿಗೆ ಪ್ರೀತಿ ತೋರಿಸಲು ಬೈಗುಳದ ಹೊರತು ಬೇರೆ ಭಾಷೆ ಗೊತ್ತಿಲ್ಲ, ಆ ಭಾಷೆಯನ್ನೇ ಯಾರೋ ಕಸಿದುಕೊಂಡರಲ್ಲ ಎಂದುಕೊಂಡೆ. ಬೆಳಗಿನ ಪ್ರಾರ್ಥನೆಯಲ್ಲಿ ನಾನು ಒಂದು ವಿಚಿತ್ರ ಬೇಡಿಕೆ ಸೇರಿಸಿದೆ: ಇವರಿಬ್ಬರೂ ಮತ್ತೊಮ್ಮೆ ಬಾಯಿತುಂಬ ಬೈದಾಡುವಂತೆ ಮಾಡು. ದೇವರಿಗೆ ಇಂಥ ಅರ್ಜಿಗಳು ಹೆಚ್ಚು ಬರಲಾರವು.

ಉತ್ತರ ಸಿಕ್ಕಿದ್ದು ಚರ್ಚಿನ ಅಡುಗೆಮನೆಯಲ್ಲಿ. ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಕಾಫಿಗೆಂದು ಬಂದ ಇಬ್ಬರು ಗಂಡಸರು ಬಾಗಿಲಲ್ಲಿ ಮಾರ್ಲೋ ತಂಡದ ಬಗ್ಗೆ ವಾದಿಸುತ್ತಿದ್ದರು. "ಅವರನ್ನ ಹೊಡೆದೋರನ್ನ ನಾವು ಹೊಡೆದ್ರೆ, ಅವರನ್ನ ನಾವೇ ಹೊಡೆದ ಹಾಗಾಯ್ತಲ್ವಾ?" ಎಂದ ಒಬ್ಬ. ಇನ್ನೊಬ್ಬ ಒಪ್ಪಿದ. ನನ್ನ ಕೈಯ ಚಾಕು ನಿಂತುಬಿಟ್ಟಿತು. ನೇರವಾಗಿ ಆಡದೆಯೂ ಗೆಲ್ಲಬಹುದು. ಕೊಕ್ಕರೆಗೆ ರಿಬ್ಬನ್ನು ಕಟ್ಟಬಹುದು. ವೆಂಡೆಲ್ ಕೆರಳಿ ಕೆಂಡವಾಗಬಹುದು.

ಅಲ್ಲಿಂದ ಮುಂದೆ ನಾನು ಫುಟ್‌ಬಾಲ್ ಪಂಡಿತೆಯಾದೆ. ಟೀವಿ ನೋಡಿದರೆ ನನಗೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದದ್ದು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆದರೆ ಕಿವಿ ಚುರುಕು. ಪೈಕ್ ಕಾಲೇಜಿನವರು ಮಾರ್ಲೋವನ್ನು ಸೋಲಿಸಿದ್ದು ಫೋನಿನಲ್ಲಿ ಲೋನಾಳ ನಿಟ್ಟುಸಿರಿನಿಂದ ತಿಳಿಯಿತು. ಪೈಕ್‌ನವರನ್ನು ಹಾರ್ಟ್‌ವೆಲ್‌ನವರು ಸೋಲಿಸಿದ್ದು ಕಿರಾಣಿ ಅಂಗಡಿಯ ರೇಡಿಯೋದಲ್ಲಿ ಬಂತು. ಹಾರ್ಟ್‌ವೆಲ್‌ನವರನ್ನು ನಮ್ಮ ಡೆಲ್ವಿನ್ನಿನವರು ಸೋಲಿಸಿದ್ದು ನಮ್ಮ ಮನೆಯಲ್ಲೇ ಗೊತ್ತಾಯಿತು: ಗೆದ್ದ ದಿನ ನಮ್ಮ ಯಜಮಾನರು ಸೀಟಿ ಹಾಕುತ್ತಾರೆ, ಪೈ ಇನ್ನೊಂದು ತುಂಡು ಕೇಳುತ್ತಾರೆ. ಸೋತ ದಿನ ಟೀವಿ ಆರಿಸಿ ಮಲಗುತ್ತಾರೆ. ಸೋಲಿನ ಸುದ್ದಿಯನ್ನು ಈ ಮನೆಯಲ್ಲಿ ಎತ್ತಬಾರದು, ಕೇಳಬಾರದು. ಅದು ಅತ್ತೆಯವರ ಕಾಲದಿಂದ ಬಂದ ಮಡಿ. ನಾನು ಎಂದೂ ಮೀರಿದವಳಲ್ಲ.

ಮೇಜಿನ ಮೇಲೆ ಬಿಸ್ಕತ್ತುಗಳನ್ನು ಸಾಲಾಗಿ ಇಟ್ಟು ನೋಡಿದೆ. ಇದು ಡೆಲ್ವಿನ್, ಇದು ಹಾರ್ಟ್‌ವೆಲ್, ಇದು ಪೈಕ್, ಕೊನೆಗೆ ಪಾಪದ ಮಾರ್ಲೋ. ಎಲ್ಲೂ ಬಿರುಕಿಲ್ಲ. ಲೋನಾಳಿಗೆ ಫೋನು ಮಾಡಿ ಹಳೆಯ ಆಟದ ಶನಿವಾರಕ್ಕೇ ಇಬ್ಬರನ್ನೂ ಊಟಕ್ಕೆ ಕರೆದೆ. ಆ ಶನಿವಾರ ಹೇಗೂ ಬಿಡುವಾಗಿ ಬಿದ್ದಿತ್ತು. ಟೀವಿಯವರು ಮಾರ್ಲೋದವರ ಆಟವನ್ನು ಶುಕ್ರವಾರಕ್ಕೂ ನಮ್ಮದನ್ನು ಮಂಗಳವಾರಕ್ಕೂ ಎಳೆದುಕೊಂಡಿದ್ದರು. (ಮಂಗಳವಾರದ ರಾತ್ರಿ ಇವರು ಬೇಗ ಮಲಗಿದರು. ಶೀತವಾಗಿರಬೇಕೆಂದು ನಾನು ಎದೆಗೆ ಮುಲಾಮು ಹಚ್ಚಿದೆ. ಸುಮ್ಮನೆ ಹಚ್ಚಿಸಿಕೊಂಡರು.)

ಶನಿವಾರ ಮಧ್ಯಾಹ್ನ ಅವರು ಬಂದರು. ವೆಂಡೆಲನ ತಲೆಯ ಮೇಲೆ ಅವನು ಎಂದೂ ತೆಗೆಯದ ನೀಲಿ ಟೋಪಿ ಇರಲಿಲ್ಲ. ನನ್ನ ತಮ್ಮನಿಗೆ ನೆತ್ತಿ ಬೋಳಾಗಿದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಬಾಗಿಲ ಚಾಪೆಯ ಮೇಲೆ ಬೂಟು ಒರೆಸುತ್ತ, ಒರೆಸುತ್ತ, ಒಳಗೆ ಬರಲು ಅಪ್ಪಣೆ ಬೇಕೆನ್ನುವ ಹಾಗೆ ನಿಂತ.

"ಬನ್ನಿ, ಬನ್ನಿ," ಎಂದರು ನಮ್ಮವರು.

ಮದುವೆಯಾದಂದಿನಿಂದ ಇವರು ವೆಂಡೆಲನನ್ನು "ಬಂತು ನೋಡು ಕೊಕ್ಕರೆ" ಎಂದಲ್ಲದೆ ಸ್ವಾಗತಿಸಿದವರಲ್ಲ.

ಗಾಡಿ ಬಯಲಿನಲ್ಲಿ ಮಾಡುತ್ತಿದ್ದ ಅಡುಗೆಯನ್ನೇ ಮಾಡಿದ್ದೆ. ಬೀನ್ಸೂ ಮಾಂಸವೂ ಹಾಕಿ ಬೆಳಗಿನಿಂದ ಕುದಿಸಿದ ಚಿಲಿ, ಮೆಕ್ಕೆಜೋಳದ ಬ್ರೆಡ್ಡು, ಕುಂಬಳಕಾಯಿ ಪೈ. ಪ್ರಾರ್ಥನೆ ಮುಗಿಸಿ ಎಲ್ಲರೂ ಚಮಚ ಹಿಡಿದ ಮೇಲೆ ನಾನು ಗಂಟಲು ಸರಿಪಡಿಸಿಕೊಂಡೆ.

"ವೆಂಡೆಲ್, ಊಟ ಆದ್ಮೇಲೆ ಕೊಕ್ಕರೇನ ತಗೊಂಡು ಹೋಗ್ಬೇಕಪ್ಪ ನೀನು. ಸೋತಿದೀಯ."

"ಯಾವಾಗ ಸೋತೆ ಅಕ್ಕ?"

ಬಿಸ್ಕತ್ತಿನ ತಟ್ಟೆ ತಂದು, ಒಂದೊಂದಾಗಿ ಇಟ್ಟು, ನನ್ನ ಮಹಾಪ್ರಮೇಯವನ್ನು ಮಂಡಿಸಿದೆ. ಲೋನಾ ಬಾಯಿ ತೆರೆದು ನೋಡಿದಳು. ಇವರು ಚಮಚವನ್ನು ಗಾಳಿಯಲ್ಲೇ ಹಿಡಿದಿದ್ದರು. ವೆಂಡೆಲನ ಕಣ್ಣಿನಲ್ಲಿ ಒಂದು ಮಿಂಚು ಹಾಯಿತು. ದೇವರೇ, ಆ ಮಿಂಚಿಗಾಗಿಯೇ ನಾನು ಕಾದಿದ್ದೆ.

"ಹಾಗಾ ಸಮಾಚಾರ?" ಎಂದು ಕುರ್ಚಿ ಮುಂದಕ್ಕೆಳೆದ. "ಹಾಗಾದ್ರೆ ಇದನ್ನೂ ಕೇಳು. ಸೆಪ್ಟೆಂಬರಲ್ಲಿ ಆರ್ಡೆನ್ ಕಾಲೇಜಿನೋರನ್ನ ನಾವು ಚಚ್ಚಿ ಹಾಕಿದ್ವಿ. ಆ ಆರ್ಡೆನ್ನೋರು ಮೊನ್ನೆ ಮಂಗಳವಾರ..."

ಅಲ್ಲಿಗೆ ನಿಲ್ಲಿಸಿದ. ಮೇಜಿನ ಕೆಳಗೆ ಲೋನಾಳ ಕಾಲು ಆಡಿದ್ದು ನನಗೂ ಗೊತ್ತಾಯಿತು.

"ಮಂಗಳವಾರ ಏನು?" ಎಂದೆ.

"ನಮ್ಮನ್ನ ಹೊಡೆದ್ರು," ಎಂದರು ನಮ್ಮವರು, ತಟ್ಟೆಗೆ.

"ಮಂಗಳವಾರ ನಿಮಗೆ ಶೀತ ಆಗಿತ್ತಲ್ರೀ?"

"ಶೀತ ಅಂದಿದ್ದು ನೀನು."

"ಮತ್ತೆ ಮುಲಾಮು ಯಾಕೆ ಹಚ್ಚಿಸ್ಕೊಂಡ್ರಿ?"

"ಬೆಚ್ಚಗಿತ್ತು."

ವೆಂಡೆಲ್ ಮೆಲ್ಲಗೆ ಒಂದು ಬಿಸ್ಕತ್ತನ್ನು ತೆಗೆದು ಆರ್ಡೆನ್ ಎಂದು ಇಟ್ಟ. ಈ ಕಡೆಯಿಂದ ಎಣಿಸಿದರೆ ಡೆಲ್ವಿನ್ ಮಾರ್ಲೋವನ್ನು ಸೋಲಿಸಿತ್ತು. ಆ ಕಡೆಯಿಂದ ಎಣಿಸಿದರೆ ಮಾರ್ಲೋ ಡೆಲ್ವಿನ್ನನ್ನು ಸೋಲಿಸಿತ್ತು. ನನ್ನ ನೇರ ಸಾಲು ಉಂಗುರವಾಗಿ ಕೂತಿತ್ತು.

"ಅಂದ್ರೆ ಭಾವ, ಸುತ್ತಿ ಬಂದು ನಿಮ್ಮನ್ನ ನೀವೇ ಹೊಡ್ಕೊಂಡಿದೀರಿ," ಎಂದ ವೆಂಡೆಲ್.

"ನೀವೂನೂ," ಎಂದರು ಇವರು.

ಇಬ್ಬರೂ ನಕ್ಕರು. ಬಿಸ್ಕತ್ತು ನೋಡಿ, ನನ್ನನ್ನು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಬೇಸರವಾಗಲಿಲ್ಲ. ನನ್ನನ್ನು ನೋಡಿಯೇ ನಗಲಿ, ನಗುವಿನ ಹಿಂದೆ ಬೈಗುಳ ಬಂದೇ ಬರುತ್ತದೆ ಎಂದು ನಾನು ಬ್ರೆಡ್ಡಿನ ತಟ್ಟೆಯನ್ನು ಇಬ್ಬರ ಕೈಗೂ ಎಟುಕುವಂತೆ ನಡುವೆ ಸರಿಸಿದೆ. ಎಸೆಯಲು ಅನುಕೂಲವಾಗಲಿ ಎಂದು.

ನಗು ನಿಂತಿತು. ವೆಂಡೆಲ್ ಒಂದು ತುಂಡು ಬ್ರೆಡ್ಡನ್ನು ಕೈಗೆ ತೆಗೆದುಕೊಂಡ. ನೋಡಿದ. ಬೆಣ್ಣೆ ಹಚ್ಚಿಕೊಂಡ.

"ಏನೇ ಅನ್ನಿ ಭಾವ, ಈ ವರ್ಷ ನಿಮ್ಮ ಹುಡುಗರು ಚೆನ್ನಾಗೇ ಆಡಿದ್ರು."

"ನಿಮ್ಮೋರೂ ಅಷ್ಟೇ. ಅಷ್ಟು ದೂರ ಹೋಗಿ ಬಂದು ಆಡೋದು ಸುಲಭ ಅಲ್ಲ."

"ಹುಡುಗರಿಗೆ ಸುಸ್ತು."

"ಇರುತ್ತೆ."

"ಮೆಣಸಿನ ಪುಡಿ ಸ್ವಲ್ಪ ಕೊಡ್ತೀರಾ?"

"ತಗೊಳ್ಳಿ, ತಗೊಳ್ಳಿ."

ನಾನು ಲೋನಾಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಇಷ್ಟು ವರ್ಷ ಇವರ ಗದ್ದಲಕ್ಕೆ ತಲೆ ಚಚ್ಚಿಕೊಂಡವರು ನಾವು. ಆ ಸೌಜನ್ಯವನ್ನು ಕೇಳುತ್ತ ಕೂರುವುದು ಎಷ್ಟು ಕಷ್ಟವಾಯಿತೆಂದರೆ, ಪೈ ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋದೆ.

ಪೈ ತಿನ್ನುವಾಗ ವೆಂಡೆಲ್ ತನ್ನ ಹೊಸ ಒಕ್ಕೂಟದ ಕಷ್ಟ ಹೇಳಿದ. "ಅಲ್ಲಿ ಯಾರನ್ನ ದ್ವೇಷಿಸ್ಬೇಕು ಅಂತ್ಲೇ ಗೊತ್ತಾಗಲ್ಲ ಅಕ್ಕ. ಹೋದ ತಿಂಗಳು ಯಾರೋ ಬಂದಿದ್ರು, ಊರಿನ ಹೆಸರೂ ಬಾಯಿಗೆ ಬರ್ತಿಲ್ಲ. ನಮ್ಮ ಪಕ್ಕದಲ್ಲೇ ಕೂತಿದ್ರು. ಬೈಯೋಣ ಅಂತ ತಿರುಗಿದೆ. ಪಾಪ, ಲೋನಾಗೆ ಚಳಿ ಅಂತ ಕಂಬಳಿ ಕೊಟ್ರು."

"ಕೊಟ್ರಾ?" ಎಂದರು ನಮ್ಮವರು ನಿಜವಾದ ಸಂಕಟದಿಂದ.

"ಕೊಟ್ರು ಭಾವ. ಏನು ಮಾಡ್ಲಿ?"

ಇನ್ನೂ ಬಿಸಿಲಿರುವಾಗಲೇ ವೆಂಡೆಲ್ "ದಾರಿ ದೂರ" ಎಂದು ಎದ್ದ. ದಾರಿ ಮೊದಲಿನಷ್ಟೇ ಇತ್ತು. ಇವರು ಬಾಗಿಲವರೆಗೆ ಬಂದು ಕೈಕುಲುಕಿ, ತಟ್ಟೆ ತೊಳೆಯುತ್ತೇನೆಂದು ಒಳಗೆ ಹೋದರು. ಲೋನಾ ಹೋಗಿ ಟ್ರಕ್ಕಿನಲ್ಲಿ ಕೂತಳು. ವೆಂಡೆಲ್ ಮಾತ್ರ ನನ್ನನ್ನು ಅಂಗಳದ ಬದಿಗೆ ಕರೆದ.

"ಅಕ್ಕ, ಒಂದು ಮಾತು. ಗಾಡಿ ಹಿಂದೆ ಖಾಲಿ ಇದೆ. ಆ ಹಕ್ಕೀನ ನಾನೇ ಹೇರ್ಕೊಂಡು ಹೋಗ್ಬಿಡ್ತೀನಿ. ರಿಬ್ಬನ್ನೂ ಕಟ್ಕೊಂಡೇ ಹೋಗ್ತೀನಿ, ಭಾವನೇ ಗೆದ್ರು ಅಂತ ಇರ್ಲಿ. ಅವರ ಮರ್ಯಾದೇನೂ ಉಳಿಯುತ್ತೆ, ನಿನಗೂ ಕಿಟಕಿ ಬಯಲಾಗುತ್ತೆ."

ಅವನು ಮನಸಾರೆ ಹೇಳುತ್ತಿದ್ದ. ವರ್ಷದಿಂದ ನಾನು ಬಯಸಿದ್ದು ಅದೇ. ಹೂಂ ಎನ್ನಲು ಬಾಯಿ ತೆರೆದು ಕೊಕ್ಕರೆಯ ಕಡೆ ತಿರುಗಿದೆ. ಹೊರಗಿನಿಂದ ನಾನು ಆ ಕಿಟಕಿಯನ್ನು ನೋಡಿದ್ದು ಕಡಿಮೆ. ಗಾಜಿನ ಹಿಂದೆ ನಮ್ಮವರು ಸಾಬೂನಿನ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದರು. ನಮ್ಮನ್ನು ಅವರು ಕಂಡಿರಲಿಲ್ಲ. ಅವರ ಕಣ್ಣು ಕೊಕ್ಕರೆಯ ಮೇಲಿತ್ತು, ತುಟಿಗಳು ಆಡುತ್ತಿದ್ದವು. ಸುಮ್ಮನೆ ಆಡುತ್ತಿರಲಿಲ್ಲ. ಹುಬ್ಬು ಏರಿತ್ತು, ಒದ್ದೆ ಬೆರಳನ್ನು ಅದರ ಕಡೆಗೆ ಚಾಚಿ ಏನೋ ಹೇಳಿ, ಉತ್ತರಕ್ಕೆ ಕಾದು, ತಲೆ ಅಲ್ಲಾಡಿಸಿ, ಮತ್ತೆ ಮುಂದುವರಿಸುತ್ತಿದ್ದರು. ಇಷ್ಟು ವರ್ಷ ಅವರ ಬಾಯನ್ನೇ ಕಾದು ಕೂತವಳಿಗೆ ಗಾಜಿನಾಚೆಯ ಮಾತು ಓದಲು ಬರುತ್ತದೆ. "ಕಂಬಳಿ ಇಸ್ಕೊಂಡನಂತೆ, ನಾಚಿಕೆಗೆಟ್ಟೋನು," ಎನ್ನುತ್ತಿದ್ದರು. "ನೀಲಿ ಮೂತಿಯವನೇ, ಒಂದು ಸಲ ಬಾ ಮೈದಾನಕ್ಕೆ." ನನ್ನ ಪಾಲಿಗೆ ಉಪ್ಪು ಎಂಬ ಒಂದು ಶಬ್ದ ಉಳಿಸಿ, ಇಡೀ ವರ್ಷದ ಮಾತನ್ನು ಇವರು ಸಿಮೆಂಟಿನ ಹಕ್ಕಿಗೆ ಕೊಡುತ್ತಿದ್ದರು.

"ಏನಕ್ಕ ಯೋಚ್ನೆ? ಒಂದು ಕೈ ಹಿಡಿ, ಎತ್ತೋಣ," ಎಂದ ವೆಂಡೆಲ್, ಅಂಗಿಯ ತೋಳು ಮಡಿಚುತ್ತ.

"ಬೇಡಪ್ಪ," ಎಂದೆ. "ನೀನು ಹೊರಡು. ಕತ್ತಲಾಗುತ್ತೆ."